ಹಗ್ಗ ಬಿಟ್ಟ ಮಧ್ಯಾಹ್ನ

ಲೇಡಿ ಡೆರಿಂಗ್ ಅವರ ಗುರುವಾರದ ಚಹಾಕ್ಕೆ ಕರೆಯೋಲೆ ಬಂದರೆ ನೀವು ಲಂಡನ್ನಿನಲ್ಲಿ ಇದ್ದೀರಿ ಎಂದು ಅರ್ಥ. ಬಾರದಿದ್ದರೆ ಇದ್ದೂ ಇಲ್ಲದವರು. ಆ ಕಾಲದಲ್ಲಿ ಹಾಗಿತ್ತು. ನಾನು, ಡಾರ್ಕಸ್ ಯೆಲಂಡ್, ಆ ಲೆಕ್ಕಕ್ಕೇ ಸೇರಿದವಳಲ್ಲ. ಜನರಲ್ ಪೆಂಬರ್ ಅವರ ವಿಧವೆ ಡ್ರೂಸಿಲ್ಲಾ ಪೆಂಬರ್ ಅವರ ಮನೆಯಲ್ಲಿ ಸಂಗಾತಿಯಾಗಿದ್ದೆ. ಸಂಗಾತಿಯೆಂದರೆ ಅತ್ತ ಕೆಲಸದವಳೂ ಅಲ್ಲ, ಇತ್ತ ನೆಂಟಳೂ ಅಲ್ಲ. ಅವರಿಗೆ ಪತ್ರಿಕೆ ಓದಿ ಹೇಳುವುದು, ಎಲ್ಲೋ ಇಟ್ಟು ಮರೆತ ಕನ್ನಡಕ ಹುಡುಕುವುದು, ಹೊರಗೆ ಹೊರಟರೆ ಶಾಲು ಹಿಡಿದು ಎರಡು ಹೆಜ್ಜೆ ಹಿಂದೆ ನಡೆಯುವುದು. ಹಾಗೆ ಹಿಂದೆ ನಡೆಯುವವರ ಕಣ್ಣಿಗೆ ಬಹಳ ಬೀಳುತ್ತದೆ. ಅವರು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಪೆಂಬರ್ ಅಮ್ಮನವರಿಗೆ ಮಕ್ಕಳಿರಲಿಲ್ಲ. ಗಂಡನ ತಮ್ಮನ ಮಗಳು ಹೆಸ್ಟರ್, ತಂದೆತಾಯಿ ತೀರಿಕೊಂಡ ಮೇಲೆ, ನಮ್ಮ ಮನೆಯಲ್ಲೇ ಬೆಳೆದಳು. ಆಗ ಅವಳಿಗೆ ಇಪ್ಪತ್ತಾರು. ನೀಳ ಕೈಗಳು, ತಡವಾಗಿ ಬರುವ ನಗು. ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಸವರುತ್ತ ಸುಮ್ಮನಾಗಿ ಕಿಟಕಿಯಾಚೆ ನೋಡುತ್ತ ಉಳಿದುಬಿಡುವಳು.

"ಹೆಸ್ಟರ್, ಎಲ್ಲಿದೀಯೇ?" ಎಂದು ಅಮ್ಮನವರು ಕೇಳಿದರೆ, "ಬಂದೆ ದೊಡ್ಡಮ್ಮ" ಎನ್ನುವಳು, ಯಾವುದೋ ದೂರದ ಊರಿನಿಂದ ಹಿಂತಿರುಗಿದವಳ ಹಾಗೆ.

ಅದು ಸಾವಿರದ ಎಂಟುನೂರ ಎಂಬತ್ತನಾಲ್ಕರ ಜೂನ್. ಲೇಡಿ ಡೆರಿಂಗ್ ಅವರು ರಿಚ್‌ಮಂಡ್‌ನಲ್ಲಿ, ನದಿಗೆ ಇಳಿಯುವ ತಮ್ಮ ಹುಲ್ಲುಹಾಸಿನ ಮೇಲೆ, ಅನಾಥ ಮಕ್ಕಳ ಸಹಾಯಕ್ಕೆಂದು ಒಂದು ಉತ್ಸವ ಏರ್ಪಡಿಸಿದ್ದರು. ಅವರ ಒಬ್ಬನೇ ಮಗ ಆಸ್ವಿನ್, ಮೂವತ್ತೆರಡರ ಪ್ರಾಯ, ಮುಂದಿನ ಚುನಾವಣೆಗೆ ನಿಲ್ಲುವವನಿದ್ದ. ಮಗನನ್ನು ಮೇಲಕ್ಕೆ ತರಬೇಕೆಂದು ತಾಯಿ ಪಟ್ಟ ಪಾಡು ಒಂದೆರಡಲ್ಲ. ಆ ದಿನ ಅದನ್ನು ಅಕ್ಷರಶಃ ಮಾಡಲು ಹೊರಟಿದ್ದರು. ಜೇಬೆಜ್ ಕೂಲ್ ಎಂಬ ಬಲೂನಿನವನನ್ನು ಕರೆಸಿದ್ದರು. ಹಳದಿ ರೇಷ್ಮೆಯ ಬಲೂನು, ಕೆಳಗೆ ಬೆತ್ತದ ಬುಟ್ಟಿ, ಬುಟ್ಟಿಯಿಂದ ನೆಲದ ಮೇಲಿನ ರಾಟೆಗೆ ದಪ್ಪ ಹಗ್ಗ. ಇನ್ನೂರು ಅಡಿ ಮೇಲೆ ಹೋಗಿ ಜನರತ್ತ ಕೈಬೀಸುವುದು, ರಾಟೆ ಸುತ್ತಿ ಇಳಿಸುವುದು, ಅಷ್ಟೇ.

ಆಸ್ವಿನ್ ಜೊತೆ ಮೇಲೆ ಹೋಗಬೇಕಾಗಿದ್ದವಳು ಲಾರ್ಡ್ ಥೊರಾಲ್ಡ್ ಅವರ ಮಗಳು ಇಸ್ಮೇ. ಅವನಿಗೆಂದು ಲೇಡಿ ಡೆರಿಂಗ್ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದ ಹುಡುಗಿ. ಬುಟ್ಟಿಯ ಹತ್ತಿರ ಬಂದ ಇಸ್ಮೇ ಮೇಲೆ ನೋಡಿದಳು, ಕೆಳಗೆ ನೋಡಿದಳು, ಬಿಳಿಚಿಕೊಂಡು "ನನಗೆ ತಲೆ ಸುತ್ತತ್ತೆ" ಎಂದು ತಂದೆಯ ತೋಳು ಹಿಡಿದಳು. ಚಿತ್ರ ತೆಗೆಯುವವನು ಕಪ್ಪು ಬಟ್ಟೆಯೊಳಗೆ ತಲೆ ಹಾಕಿಕೊಂಡು ಕಾಯುತ್ತಿದ್ದ. ಲೇಡಿ ಡೆರಿಂಗ್ ಸುತ್ತ ಕಣ್ಣಾಡಿಸಿದರು. ಹತ್ತಿರದಲ್ಲಿ ಬಿಳಿ ಉಡುಪಿನಲ್ಲಿ ನಿಂತಿದ್ದವಳು ಹೆಸ್ಟರ್.

"ಹತ್ತು ಮಗಳೇ, ಹತ್ತು. ಒಂದು ನಿಮಿಷದ ಕೆಲಸ."

ಗಂಡಸಿನ ಜೊತೆ ಮದುವೆಯಾಗದ ಹುಡುಗಿ ಒಬ್ಬಳೇ ಕೂರುವುದೇ ಎಂದು ಯಾರೂ ಕೇಳಲಿಲ್ಲ. ಮುನ್ನೂರು ಜನ ನೋಡುತ್ತಿದ್ದರು, ಕೂಲ್ ಕೂಡ ಬುಟ್ಟಿಯಲ್ಲಿರುತ್ತಿದ್ದ, ಮೇಲಾಗಿ ಹಗ್ಗವಿತ್ತು. ಆ ಹಗ್ಗವೇ ಅವಳ ಕಾವಲು.

ರಾಟೆಯಲ್ಲಿ ಏನೋ ಸಿಕ್ಕಿಕೊಂಡಿತು. ಕೂಲ್ ಬೈದುಕೊಳ್ಳುತ್ತ ಬುಟ್ಟಿಯಿಂದ ಹಾರಿ ಕೆಳಗಿಳಿದ. ಅವನ ಭಾರ ಇಳಿದದ್ದೂ ನದಿಯ ಕಡೆಯಿಂದ ಗಾಳಿ ಎದ್ದದ್ದೂ ಒಂದೇ ಗಳಿಗೆ. ರಾಟೆಯ ಗೂಟ ನೆಲದಿಂದ ಕಿತ್ತು ಬಂತು, ಹಗ್ಗ ಸುರುಳಿ ಬಿಚ್ಚುತ್ತ ಹುಲ್ಲಿನ ಮೇಲೆ ಹರಿದು ಹೋಯಿತು. ಬ್ಯಾಂಡಿನವರು ಏನೂ ಗೊತ್ತಾಗದೆ ನುಡಿಸುತ್ತಲೇ ಇದ್ದರು. ಹಳದಿ ಬಲೂನು ಎಲ್ಮ್ ಮರಗಳ ತುದಿ ದಾಟಿ, ತುಂಬ ಮೆಲ್ಲಗೆ, ಯಾರಿಗೂ ಅವಸರವಿಲ್ಲವೆಂಬಂತೆ, ಪೂರ್ವಕ್ಕೆ ಹೊರಟಿತು. ಮುನ್ನೂರು ಛತ್ರಿಗಳು ಒಟ್ಟಿಗೆ ಹಿಂದಕ್ಕೆ ವಾಲಿದವು. ನನಗೆ ಇವತ್ತಿಗೂ ಕಾಣುವುದು ಅದೇ: ಇಷ್ಟು ದೊಡ್ಡ ಅನಾಹುತ ಇಷ್ಟು ಸದ್ದಿಲ್ಲದೆ ಆಯಿತಲ್ಲ ಎಂಬುದು.

ಮರುದಿನ ಮಧ್ಯಾಹ್ನ ಇಬ್ಬರೂ ರೈಲಿನಲ್ಲಿ ಬಂದಿಳಿದರು. ಬಲೂನು ಲಂಡನ್ ದಾಟಿ, ನದಿಯ ಜೊತೆಜೊತೆಗೇ ಹೋಗಿ, ಸಂಜೆಗೆ ಕೆಂಟ್‌ನ ಜೌಗು ನೆಲದಲ್ಲಿ ಇಳಿದಿತ್ತು. ರಾತ್ರಿ ಕುರಿಗಾಹಿಯೊಬ್ಬನ ಮನೆಯಲ್ಲಿ ಕಳೆದಿದ್ದರು. ಹೆಸ್ಟರ್ ಆ ಮನೆಯಾಕೆ ಮತ್ತು ಅವಳ ಮೂವರು ಹೆಣ್ಣುಮಕ್ಕಳ ನಡುವೆ, ಆಸ್ವಿನ್ ಅಡುಗೆಮನೆಯಲ್ಲಿ ನಾಯಿಗಳ ನಡುವೆ.

ನಿಲ್ದಾಣದಲ್ಲಿ ಆಸ್ವಿನ್‌ನನ್ನು ಗೆಳೆಯರು ಹೆಗಲ ಮೇಲೆ ಹೊತ್ತರು. ಪತ್ರಿಕೆಗಳು ಎರಡು ಅಂಕಣ ಬರೆದವು: ಮೋಡಗಳ ನಡುವೆ ಧೈರ್ಯ ಕೆಡದ ಯುವಕ, ಮೂರ್ಛೆಹೋದ ಅಬಲೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಬಲೂನನ್ನು ಇಳಿಸಿದ್ದು. ಅವನೇ ಹಾಗೆ ಹೇಳಿದನೋ, ಕೇಳಿದವರೇ ಹಾಗೆ ಕೇಳಿಸಿಕೊಂಡರೋ, ನನಗೆ ಗೊತ್ತಿಲ್ಲ. ಅಲ್ಲ ಎನ್ನಲಿಲ್ಲ, ಅಷ್ಟು ಗೊತ್ತು.

ಹೆಸ್ಟರ್ ಬಾಡಿಗೆ ಗಾಡಿಯಲ್ಲಿ ಮನೆಗೆ ಬಂದಳು. ಉಡುಪಿನ ಅಂಚಿಗೆ ಕೆಸರು, ಅಂಗೈಗಳಲ್ಲಿ ಬೊಬ್ಬೆ. ಮೂಗಿನ ಮೇಲೆ ಬಿಸಿಲು ಬಡಿದು ಕೆಂಪಾಗಿತ್ತು. ಪೆಂಬರ್ ಅಮ್ಮನವರು ಅವಳನ್ನು ಅಪ್ಪಿಕೊಂಡು ಅತ್ತರು. ಅತ್ತು ಮುಗಿದ ಮೇಲೆ ಮೊದಲು ಕೇಳಿದ್ದು, "ಬರ್ತಾ ನಿನ್ನನ್ನ ಯಾರಾದ್ರೂ ನೋಡಿದ್ರಾ?"

ಆ ವಾರ ನಮ್ಮ ಮನೆಗೆ ಒಂದೇ ಒಂದು ಭೇಟಿಚೀಟಿ ಬರಲಿಲ್ಲ. ಮುಂದಿನ ವಾರವೂ ಇಲ್ಲ. ಉದ್ಯಾನದಲ್ಲಿ ಎದುರಾದ ಗಾಡಿಗಳೊಳಗಿನ ಹೆಂಗಸರಿಗೆಲ್ಲ ಒಮ್ಮೆಲೇ ಕುದುರೆಯ ಕಿವಿಗಳ ಮೇಲೆ ಆಸಕ್ತಿ ಹುಟ್ಟುತ್ತಿತ್ತು. ಇಪ್ಪತ್ತನಾಲ್ಕು ಗಂಟೆ, ಒಬ್ಬ ಗಂಡಸು, ಕಾವಲಿಲ್ಲ. ಕುರಿಗಾಹಿಯ ಹೆಂಡತಿಯ ಸಾಕ್ಷಿ ಯಾರಿಗೆ ಬೇಕು? ಮುಳ್ಳು ಬಟ್ಟೆಯ ಮೇಲೆ ಬಿದ್ದರೂ, ಬಟ್ಟೆ ಮುಳ್ಳಿನ ಮೇಲೆ ಬಿದ್ದರೂ, ಹರಿಯುವುದು ಬಟ್ಟೆ. ಒಂದೇ ಬುಟ್ಟಿಯಿಂದ ಇಳಿದವರಲ್ಲಿ ಒಬ್ಬನಿಗೆ ಹಾರ, ಇನ್ನೊಬ್ಬಳಿಗೆ ಎಳೆದ ಪರದೆ.

ಪರದೆಗಳನ್ನು ನಿಜವಾಗಿಯೂ ಎಳೆದಿದ್ದೆವು. ಆ ಬೇಸಿಗೆಯೆಲ್ಲ ನಮ್ಮ ಮನೆ ನೀರಿನಡಿಯ ಮನೆಯಂತಿತ್ತು. ಹಸಿರು ಬೆಳಕು, ಗಡಿಯಾರದ ಸದ್ದು, ಮೇಲಿನ ಕೋಣೆಯಲ್ಲಿ ಅಮ್ಮನವರ ನಿಟ್ಟುಸಿರು. ಅಂಥ ಒಂದು ಮಧ್ಯಾಹ್ನ ಹೆಸ್ಟರ್ ನನ್ನ ಕಾಲ ಬಳಿ ಗಿಡ್ಡ ಪೀಠದ ಮೇಲೆ ಕುಳಿತು, ನಾನು ಹೊಲಿಯುತ್ತಿದ್ದ ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು.

"ಯೆಲಂಡ್, ನೀನು ಯಾರಿಗೂ ಹೇಳಲ್ಲ ಅಲ್ವಾ?"

"ನನ್ನನ್ನ ಯಾರು ಕೇಳ್ತಾರೆ, ಮಿಸ್ ಹೆಸ್ಟರ್?"

"ಹಗ್ಗ ಬಿಟ್ಟಾಗ ನನಗೆ ಭಯ ಆಗ್ಲೇ ಇಲ್ಲ ಕಣೆ. ನಾವು ಮೇಲೆ ಹೋಗ್ತಿದೀವಿ ಅಂತ ಅನ್ನಿಸ್ಲೇ ಇಲ್ಲ. ಭೂಮೀನೇ ಯಾರೋ ಮೆತ್ತಗೆ ಕೆಳಗಡೆ ಎಳ್ಕೊಂಡ ಹಾಗಿತ್ತು. ಗಾಳಿಯ ಜೊತೇಲೇ ಹೋಗ್ತೀವಲ್ಲ, ಅದಕ್ಕೆ ಗಾಳೀನೇ ಇಲ್ಲ. ನನ್ನ ಟೋಪಿಯ ರಿಬ್ಬನ್ ಕೂಡ ಅಲ್ಲಾಡ್ಲಿಲ್ಲ. ಕೆಳಗಡೆ ಒಬ್ಳು ಮಗುವನ್ನ ಬೈತಾ ಇದ್ದದ್ದು ಕೇಳಿಸ್ತು, ಪಕ್ಕದಲ್ಲೇ ನಿಂತ ಹಾಗೆ. ನಾಯಿ ಬೊಗಳಿದ್ದು. ಒಣಹುಲ್ಲಿನ ವಾಸನೆ ಅಷ್ಟು ಎತ್ತರಕ್ಕೂ ಬರತ್ತೆ, ಗೊತ್ತಾ? ಆಮೇಲೆ ಮೋಡದ ಒಳಗೆ ಹೋದ್ವಿ. ಎಲ್ಲಾ ಬಿಳಿ. ನನ್ನ ಕೈಯೇ ನನಗೆ ಕಾಣ್ಲಿಲ್ಲ. ನಾನು ಯಾರು, ಯಾರ ಮಗಳು, ಏನೂ ನೆನಪಿರ್ಲಿಲ್ಲ. ಎಷ್ಟು ಹೊತ್ತೋ. ಆಚೆ ಬಂದ್ರೆ ಬಿಸಿಲು, ಕೆಳಗಡೆ ಮೋಡದ ಬಯಲು, ಅದರ ಮೇಲೆ ನಮ್ಮ ಬಲೂನಿನ ನೆರಳು. ಆ ನೆರಳಿನ ಸುತ್ತ ಕಾಮನಬಿಲ್ಲು, ದುಂಡಗೆ, ಬಳೆಯ ಹಾಗೆ."

ನಾನು ಸೂಜಿ ನಿಲ್ಲಿಸಿದ್ದೆ.

"ಮತ್ತೆ ಅವರು?" ಎಂದೆ.

"ಬುಟ್ಟಿಯ ತಳದಲ್ಲಿ ಮುದುರಿಕೊಂಡು ಮಲಗಿದ್ರು. ಕಣ್ಣು ಮುಚ್ಚಿ, ನನ್ನ ಕಾಲಿನ ಬೂಟು ಹಿಡ್ಕೊಂಡು. 'ಅಮ್ಮಾ, ಇಳಿಸು' ಅಂತ ಅಳ್ತಾ ಇದ್ರು, ಪಾಪ. ಬಲೂನಿನ ಬಾಯಿ ತೆರೆಯೋ ದಾರ ಯಾವುದು, ಮರಳಿನ ಚೀಲ ಯಾವಾಗ ಖಾಲಿ ಮಾಡ್ಬೇಕು ಅಂತ ಬೆಳಿಗ್ಗೆ ಆ ಕೂಲ್ ಅವರನ್ನ ಕೇಳಿಕೊಂಡಿದ್ದೆ, ಸುಮ್ನೆ ಕುತೂಹಲಕ್ಕೆ. ದಾರ ಎಳೆದ್ರೆ ಮೇಲಿನಿಂದ ಗ್ಯಾಸು ಹೋಗತ್ತೆ, ಇಳೀತೀವಿ. ಜಾಸ್ತಿ ಇಳಿದ್ರೆ ಮರಳು ಸುರಿಯೋದು. ಮನೆ ನಡೆಸೋದಕ್ಕಿಂತ ಸುಲಭ. ಜೌಗು ನೆಲ ನೋಡಿ ಅಲ್ಲೇ ಇಳಿಸ್ದೆ. ಕುರಿ ಎಲ್ಲಾ ಓಡಿಹೋದ್ವು. ಆ ಮನೆಯಾಕೆ ಬಂದು ಸೊಂಟದ ಮೇಲೆ ಕೈಯಿಟ್ಕೊಂಡು, 'ಎಲ್ಲಿಂದ ಉದುರಿದ್ಯವ್ವಾ ತಾಯಿ? ಈ ಯಪ್ಪಂಗೇನು, ಉಸಿರೈತಾ?' ಅಂದ್ಳು."

ನಾವಿಬ್ಬರೂ ನಕ್ಕೆವು, ಬಾಯಿಗೆ ಬಟ್ಟೆ ಒತ್ತಿಕೊಂಡು, ಮೇಲಿನ ಕೋಣೆಗೆ ಕೇಳಿಸದ ಹಾಗೆ. ಆಮೇಲೆ ಹೆಸ್ಟರ್ ಹೇಳಿದಳು, "ಬೆಳಿಗ್ಗೆ ಗಾಡೀಲಿ ಬರೋವಾಗ ಅವರು ಕೇಳಿಕೊಂಡ್ರು, ಯಾರಿಗೂ ಹೇಳ್ಬೇಡಿ ಅಂತ. ಆಗ್ಲಿ ಅಂದೆ. ಅದರಿಂದ ಇಷ್ಟೆಲ್ಲಾ ಆಗತ್ತೆ ಅಂತ ಇಬ್ಬರಿಗೂ ಗೊತ್ತಿರ್ಲಿಲ್ಲ."

"ಈಗ ಹೇಳಿಬಿಡಿ."

"ಮಾತು ಕೊಟ್ಟೆನಲ್ಲ."

ಆಗಸ್ಟ್ ತಿಂಗಳಲ್ಲಿ ಆಸ್ವಿನ್ ನಮ್ಮ ಮನೆಗೆ ಬಂದ. ಪೆಂಬರ್ ಅಮ್ಮನವರು ನನ್ನನ್ನು ಕೋಣೆಯ ಮೂಲೆಯಲ್ಲಿ ಕಸೂತಿಯ ಹಿಂದೆ ಕೂರಿಸಿ ಹೋದರು. ಕುದುರೆ ಓಡಿಹೋದ ಮೇಲೆ ಲಾಯಕ್ಕೆ ಕಾವಲು. ಆಸ್ವಿನ್ ಚೆಲುವನೇ, ಎತ್ತರದ ಹಣೆ, ಮೃದುವಾದ ಕಂದು ಮೀಸೆ. ಟೋಪಿಯನ್ನು ಎರಡು ಕೈಯಲ್ಲಿ ತಿರುಗಿಸುತ್ತ ನಿಂತ.

"ಮಿಸ್ ಪೆಂಬರ್, ನನ್ನಿಂದ ನಿಮ್ಮ ಹೆಸರು... ಅಂದ್ರೆ ಗಾಳಿಯಿಂದ... ಅದನ್ನ ಸರಿಮಾಡ್ಬೇಕು ಅಂತ ಬಂದೆ."

"ಗಾಳೀನ ಸರಿಮಾಡ್ತೀರಾ?"

"ನಿಮ್ಮನ್ನ ಮದುವೆ ಆಗ್ತೀನಿ."

"ನಿಮ್ಮ ತಾಯಿ ಕಳಿಸಿದ್ರಾ?"

ಅವನ ಕಿವಿ ಕೆಂಪಾಯಿತು. "ಅಮ್ಮನಿಗೆ ಗೊತ್ತಿಲ್ಲ. ಗೊತ್ತಾದ್ರೆ ನನ್ನ ಕಥೆ ಮುಗೀತು."

ಹೆಸ್ಟರ್ ಅವನನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು. ಅವಳ ದನಿ ಮೆತ್ತಗಾಯಿತು. "ಕೂತ್ಕೊಳ್ಳಿ. ಯೋಚನೆ ಮಾಡಿ ಹೇಳಿ. ದಿನಾ ಬೆಳಿಗ್ಗೆ ಮೊಟ್ಟೆ ಒಡೀತಾ ನನ್ನ ಮುಖ ನೋಡ್ತೀರಿ. ನೋಡಿದಾಗೆಲ್ಲ ನಿಮಗೆ ಏನು ನೆನಪಾಗತ್ತೆ?"

ಅವನು ಸುಳ್ಳು ಹೇಳಲಿಲ್ಲ. "ಬುಟ್ಟಿ" ಎಂದ.

"ಹಾಗಾದ್ರೆ ನಾವಿಬ್ಬರೂ ಜೀವನಪೂರ್ತಿ ಅದರೊಳಗೇ ಇರ್ಬೇಕಾಗತ್ತೆ. ಬೇಡ, ಮಿಸ್ಟರ್ ಡೆರಿಂಗ್. ನೀವು ಬಂದಿದ್ದು ಒಳ್ಳೇದಾಯ್ತು. ನಾನು ಮರೆಯಲ್ಲ."

ಅವನು ಬಾಗಿಲ ಬಳಿ ನಿಂತು, "ಆ ಸುಳ್ಳು ನಾನು ಶುರುಮಾಡಿದ್ದಲ್ಲ" ಎಂದ. "ರೈಲಿಂದ ಇಳಿದಾಗ ಅವರು ಆಗಲೇ ಹೇಳ್ತಾ ಇದ್ರು. ನಾನು ಬಾಯಿ ತೆಗೆಯೋಷ್ಟರಲ್ಲಿ ಹೆಗಲ ಮೇಲಿದ್ದೆ."

"ಅಲ್ಲಿಂದ ಇಳಿಯೋದು ಇನ್ನೂ ಕಷ್ಟ, ಅಲ್ವಾ?" ಎಂದಳು ಹೆಸ್ಟರ್.

ಅವಳು ಬೇಡವೆಂದದ್ದನ್ನು ಕೇಳಿ ಪೆಂಬರ್ ಅಮ್ಮನವರು ಮೂರು ದಿನ ಹಾಸಿಗೆ ಬಿಟ್ಟೇಳಲಿಲ್ಲ. "ನಿನ್ನಂಥವಳು ಬೇಡ ಅನ್ನೋದಾ? ನಿನಗೆ ಬೇಡ ಅನ್ನೋ ಹಕ್ಕು ಎಲ್ಲಿಂದ ಬಂತೇ?" ಎಂದು ಅತ್ತರು. ಅಳು ಒಬ್ಬ ಗೆಳತಿಯ ಕಿವಿಗೆ ಬಿತ್ತು, ಗೆಳತಿಯಿಂದ ಊರಿಗೆ. ಕೆಟ್ಟ ಹುಡುಗಿ ಒಳ್ಳೆಯ ಹುಡುಗನನ್ನು ತಿರಸ್ಕರಿಸಿದಳೆಂಬುದು ಬಲೂನಿಗಿಂತ ದೊಡ್ಡ ಸುದ್ದಿಯಾಯಿತು. ಆಸ್ವಿನ್‌ಗೆ ಇನ್ನಷ್ಟು ಮರುಕ, ಇನ್ನಷ್ಟು ಮತ.

ಅಕ್ಟೋಬರಿನ ಉಪಚುನಾವಣೆಯಲ್ಲಿ ಅವನು ಗೆದ್ದ. ಲೇಡಿ ಡೆರಿಂಗ್ ವಿಜಯದ ಔತಣವಿಟ್ಟರು. ಆಶ್ಚರ್ಯವೆಂದರೆ ಪೆಂಬರ್ ಅಮ್ಮನವರಿಗೂ ಕರೆಯೋಲೆ ಬಂತು, ಅವರೊಬ್ಬರಿಗೆ. ಗಾಯದ ಮೇಲೆ ಸಕ್ಕರೆ. ಅಮ್ಮನವರು ನಾಚಿಕೆಪಟ್ಟುಕೊಂಡೇ ಹೊರಟರು, ಅವರ ಕಣ್ಣುಗಳಲ್ಲಿ ಮಾತ್ರ ಹುಡುಗಿಯ ಸಂತೋಷ. ಒಬ್ಬಾಕೆ ಬಾರದೆ ಹದಿಮೂರು ಜನರಾದರು, ಅದು ಅಪಶಕುನವೆಂದು ಕೊನೆಯ ಗಳಿಗೆಯಲ್ಲಿ ನನ್ನನ್ನೂ ಮೇಜಿನ ತುದಿಯಲ್ಲಿ ಕೂರಿಸಿದರು. ಮೇಣದಬತ್ತಿಗಳು, ಬೆಳ್ಳಿಯ ಹೂದಾನಿಗಳು, ಆಮೆಯ ಸಾರು. ಎಲ್ಲವೂ ಬೆಚ್ಚಗೆ, ಮಂಪರಾಗಿ ಹೊಳೆಯುತ್ತಿತ್ತು.

ಹಣ್ಣು ಬಂದ ಹೊತ್ತಿಗೆ ಕರ್ನಲ್ ಫಿಚ್ ಎಂಬ ಕೆಂಪು ಮುಖದವರು ಮಾತೆತ್ತಿದರು. "ಆ ಹುಡುಗಿ ಬೇಡ ಅಂದ್ಳಂತಲ್ಲ! ನಾನು ಹೇಳ್ತೀನಿ ಕೇಳಿ. ಬಡಿಸಿದಾಗ ಹಸಿವಿಲ್ಲ ಅನ್ನೋರು ಯಾವಾಗಲೂ ಬೇರೆ ಕಡೆ ಉಂಡು ಬಂದೋರೇ."

ಗಂಡಸರು ನಕ್ಕರು. ಹೆಂಗಸರು ಕೇಳಿಸಲಿಲ್ಲವೆಂಬಂತೆ ದ್ರಾಕ್ಷಿ ಬಿಡಿಸಿದರು. ಪೆಂಬರ್ ಅಮ್ಮನವರ ಕುತ್ತಿಗೆಯ ಮೇಲೆ ಕೆಂಪು ಚುಕ್ಕೆಗಳೆದ್ದವು. ಅವರು ತಟ್ಟೆಯನ್ನೇ ನೋಡುತ್ತಿದ್ದರು. ಆಗ ಕುರ್ಚಿಯೊಂದು ಹಿಂದಕ್ಕೆ ಸರಿಯಿತು. ಆಸ್ವಿನ್ ಎದ್ದು ನಿಂತಿದ್ದ.

"ಕರ್ನಲ್, ಮಾತು ವಾಪಸ್ ತಗೊಳ್ಳಿ. ಎಲ್ಲರೂ ಕೇಳಿ. ಆ ದಿನ ಬಲೂನು ಇಳಿಸಿದ್ದು ನಾನಲ್ಲ. ಮಿಸ್ ಪೆಂಬರ್. ಮೂರ್ಛೆ ಹೋಗಿದ್ದೂ ಅವರಲ್ಲ. ನಾನು ಬುಟ್ಟಿಯ ತಳದಲ್ಲಿ ಬಿದ್ದು ಅಳ್ತಾ ಇದ್ದೆ. ಅವರ ಬೂಟು ಹಿಡ್ಕೊಂಡು ಅಳ್ತಾ ಇದ್ದೆ. ಯಾರಿಗೂ ಹೇಳ್ಬೇಡಿ ಅಂತ ನಾನೇ ಬೇಡಿಕೊಂಡೆ, ಅವರು ಇವತ್ತಿನವರೆಗೂ ಹೇಳಿಲ್ಲ."

ಇದೋ ಮುಗಿಯಿತು, ನಾಳೆ ಪರದೆ ಸರಿಸಬಹುದು ಎಂದುಕೊಂಡೆ. ಅಷ್ಟರಲ್ಲಿ ಲಾರ್ಡ್ ಥೊರಾಲ್ಡ್ ಮೇಜು ಗುದ್ದಿದರು.

"ಭಲೇ! ಇದು ದೊಡ್ಡತನ! ಒಂದು ಹೆಣ್ಣಿನ ಮಾನ ಮುಚ್ಚೋಕೆ ತನ್ನ ಮೇಲೇ ಹೇಡಿತನ ಹೊರಿಸ್ಕೊಳ್ತಾನಲ್ಲ, ಇಂಥವನು ಪಾರ್ಲಿಮೆಂಟಿಗೆ ಹೋಗ್ಬೇಕು!"

"ಇಲ್ಲ, ಇಲ್ಲ, ನಿಜವಾಗ್ಲೂ ನಾನು..."

"ಸಾಕು ಸಾಕು ಕಣಯ್ಯಾ, ನಮಗೆ ಅರ್ಥ ಆಯ್ತು!" ಕರ್ನಲ್ ಫಿಚ್ ಎದ್ದು ಬಂದು ಅವನ ಕೈ ಕುಲುಕಿದರು. ಇಸ್ಮೇ ಕರವಸ್ತ್ರದಿಂದ ಕಣ್ಣು ಒತ್ತಿಕೊಂಡಳು. ಅವನು ಹೆಚ್ಚು ಹೇಳಿದಷ್ಟೂ ಅವರು ಹೆಚ್ಚು ಚಪ್ಪಾಳೆ ತಟ್ಟಿದರು. ಕೊನೆಗೆ ಅವನು ನೀರಿನಲ್ಲಿ ಕೂಗುವವನ ಹಾಗೆ ಬಾಯಿ ತೆರೆದು ಮುಚ್ಚಿ ಕುಳಿತುಬಿಟ್ಟ. ಗಂಡಸು ಅಲ್ಲಗಳೆಯದ ಸುಳ್ಳನ್ನು ನಂಬಿದ್ದ ಊರು, ಅವನೇ ಹೇಳಿದ ನಿಜವನ್ನು ನಂಬಲಿಲ್ಲ. ಅವಳು ಧೈರ್ಯವಂತೆ ಎನ್ನುವುದಕ್ಕಿಂತ ಅವನು ಉದಾರಿ ಎನ್ನುವುದು ಅವರಿಗೆ ಹಿತವಾಗಿತ್ತು.

ಚಪ್ಪಾಳೆ ತಟ್ಟದವರು ಒಬ್ಬರೇ. ಲೇಡಿ ಡೆರಿಂಗ್ ಸೇಬಿನ ಸಿಪ್ಪೆಯನ್ನು ಅರ್ಧ ತೆಗೆದು, ಚಾಕುವನ್ನು ಹಾಗೇ ಹಿಡಿದು, ಮಗನನ್ನು ನೋಡುತ್ತಿದ್ದರು.

ಎರಡು ದಿನ ಬಿಟ್ಟು ಅವರು ನಮ್ಮ ಮನೆಗೆ ಬಂದರು, ಗಾಡಿಯಿಲ್ಲದೆ, ನಡೆದು. ಪೆಂಬರ್ ಅಮ್ಮನವರು ಗಡಿಬಿಡಿಯಲ್ಲಿ ಎರಡು ಸಲ ಚಹಾ ತರಿಸಿದರು. "ಡ್ರೂಸಿಲ್ಲಾ, ನಾನು ಹುಡುಗಿಯ ಹತ್ರ ಮಾತಾಡ್ಬೇಕು" ಎಂದರು ಲೇಡಿ ಡೆರಿಂಗ್. ಅಮ್ಮನವರು ಹೊರಗೆ ಹೋದರು. ನಾನು ಏಳಲು ಹೋದೆ. "ನೀನಿರಮ್ಮಾ, ಪರವಾಗಿಲ್ಲ" ಎಂದರು, ಬೆಕ್ಕಿಗೆ ಹೇಳುವ ಹಾಗೆ.

ಹೆಸ್ಟರ್ ಎದುರಿಗೆ ಕುಳಿತಳು. ಲೇಡಿ ಡೆರಿಂಗ್ ಕೈಗವಸು ಬಿಚ್ಚಲಿಲ್ಲ.

"ನನ್ನ ಮಗ ಏಳು ವರ್ಷದವನಿದ್ದಾಗ ಹುಲ್ಲಿನ ಗಾಡಿ ಹತ್ತಿ, ಇಳಿಯೋಕೆ ಆಗ್ದೆ ಕೂತಿದ್ದ. ನಾನೇ ಏಣಿ ಹಾಕಿ ಇಳಿಸ್ದೆ. ಇಪ್ಪತ್ತೈದು ವರ್ಷ ಆಯ್ತು, ಇನ್ನೂ ಇಳಿಸ್ತಾನೇ ಇದೀನಿ. ಮೊನ್ನೆ ಅವನು ಹೇಳಿದ್ದು ನಿಜ ಅಂತ ನನಗೊಬ್ಬಳಿಗೆ ಗೊತ್ತಾಯ್ತು."

ಹೆಸ್ಟರ್ ಬಗ್ಗಿ ಅಗ್ಗಿಷ್ಟಿಕೆಯ ಬೆಂಕಿ ಕೆದಕಿದಳು.

"ಮುಂದಿನ ಗುರುವಾರ ಬಾ. ಬಾಗಿಲಲ್ಲಿ ನಾನೇ ನಿಂತು ಕೈ ಹಿಡಿದು ಕರ್ಕೊಂಡು ಹೋಗ್ತೀನಿ. ಶುಕ್ರವಾರದ ಹೊತ್ತಿಗೆ ನಿನ್ನ ಹೆಸರು ಹಾಲಿನ ಹಾಗಿರತ್ತೆ."

"ಅಷ್ಟು ಸುಲಭಾನಾ?"

"ಅಷ್ಟೇ."

"ಹಾಗಾದ್ರೆ ಜೂನ್‌ನಲ್ಲೇ ಯಾಕೆ ಮಾಡ್ಲಿಲ್ಲ ನೀವು?"

ಲೇಡಿ ಡೆರಿಂಗ್ ಬೆಂಕಿಯತ್ತ ತಿರುಗಿದರು. "ನಿನ್ನ ಕಥೆ ಕೇಳೋಕೆ ಜನ ಶುರುಮಾಡಿದ್ರೆ ಅವನ ಕಥೆ ನಿಲ್ತಿತ್ತು. ನಾನು ತಾಯಿ. ಹೆಂಗಸಾದ್ರಿಂದ ನಾನಂತೂ ಚುನಾವಣೆಗೆ ನಿಲ್ಲೋ ಹಾಗಿಲ್ಲ. ನನಗೆ ಗೊತ್ತಿರೋದೆಲ್ಲಾ ಅವನ ಬಾಯಿಂದ್ಲೇ ಬರ್ಬೇಕು. ಅವನ ಭಾಷಣ ಬರೆಯೋಳು ಯಾರು ಅಂದ್ಕೊಂಡೆ?"

"ನಿಮಗೆ ಕೋಪ ಬರಲ್ವಾ?"

"ಅಭ್ಯಾಸ ಆಗಿದೆ. ಏನು ಬೇಕು ಹೇಳು. ನಾನು ಋಣ ಇಟ್ಕೊಳ್ಳೋಳಲ್ಲ."

ಹೆಸ್ಟರ್ ತಡಮಾಡಲಿಲ್ಲ. ಊರಾಚೆಯ ವಿಹಾರದ ತೋಟವೊಂದರಲ್ಲಿ ಕೂಲ್ ಪ್ರತಿ ಶನಿವಾರ ಬಲೂನು ಹಾರಿಸುತ್ತಿದ್ದ. ಅವನ ಮಂಡಿ ಕೆಟ್ಟಿತ್ತು. ಹೆಸ್ಟರ್ ಕಲಿತು ತನ್ನ ಜಾಗದಲ್ಲಿ ಹಾರಲಿ ಎಂದು ಅವನೂ ಅವನ ಹೆಂಡತಿಯೂ ಒಪ್ಪಿದ್ದರು. ಹೆಂಗಸಿಗೆ ಬಲೂನು ಕೊಡುವುದಿಲ್ಲವೆಂದು ತೋಟದ ಸಮಿತಿ ಹೇಳಿತ್ತು. ಸಮಿತಿಯ ಪೋಷಕಿ ಲೇಡಿ ಡೆರಿಂಗ್.

"ಟಿಕೆಟ್ ತಗೊಂಡು ಬರೋ ಜನರ ಮುಂದೆ? ಸರ್ಕಸ್ಸಿನವಳ ಹಾಗೆ? ಪೆಂಬರ್ ಮನೆತನದ ಹುಡುಗಿ!"

"ಹೋಗೋ ಹೆಸರು ಹೋಗಿಯಾಯ್ತಲ್ಲ. ಈಗ ಕೈ ಖಾಲಿ ಇದೆ, ದಾರ ಹಿಡಿಯೋಕೆ ಅನುಕೂಲ."

ಲೇಡಿ ಡೆರಿಂಗ್ ಮೊದಲ ಬಾರಿಗೆ ನಕ್ಕರು, ಒಣ ನಗೆ, ಕೆಮ್ಮಿನ ಹಾಗೆ. ಹೊರಡಲೆಂದು ಎದ್ದರು. ಎದ್ದವರು ಕುರ್ಚಿಯ ಬೆನ್ನು ಹಿಡಿದು ನಿಂತರು. ಅವರ ದನಿ ಬೇರೆಯಾಗಿತ್ತು.

"ಮೇಲೆ ಹೇಗಿರತ್ತೆ?"

ಹೆಸ್ಟರ್ ನನಗೆ ಹೇಳಿದ್ದನ್ನೇ ಹೇಳಿದಳು, ಇನ್ನೂ ನಿಧಾನವಾಗಿ. ಬಿಳಿಯ ಒಳಗೆ ಕಳೆದುಹೋದದ್ದು, ಹೆಸರು ಮರೆತದ್ದು. ಲೇಡಿ ಡೆರಿಂಗ್ ಮತ್ತೆ ಕುಳಿತಿದ್ದರು, ಕಣ್ಣು ಮುಚ್ಚಿದ್ದರು. ಹೊರಗೆ ಮಂಜು ಕವಿದು ಕಿಟಕಿಗಳು ಒಂದೊಂದಾಗಿ ಅಳಿಸಿಹೋದವು. ಕೋಣೆ ನೆಲ ಬಿಟ್ಟು ತೇಲುತ್ತಿದೆಯೇನೋ ಎನ್ನಿಸಿ ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಯಾರೂ ಚಹಾ ಮುಟ್ಟಲಿಲ್ಲ.

ಸಮಿತಿಯ ಒಪ್ಪಿಗೆ ಆ ವಾರವೇ ಬಂತು. ಗುರುವಾರದ ಕರೆಯೋಲೆಯೂ ಬಂತು. ಹೆಸ್ಟರ್ ಒಂದಕ್ಕೆ ಹೋದಳು, ಇನ್ನೊಂದಕ್ಕೆ ಹೋಗಲಿಲ್ಲ.

ಅವಳು ಕೂಲ್ ದಂಪತಿಯ ಮನೆಗೆ ಹೋಗಿ ಉಳಿದಳು; ಪೆಂಬರ್ ಅಮ್ಮನವರು ಎರಡು ವರ್ಷ ಅವಳ ಹೆಸರೆತ್ತಲಿಲ್ಲ. ಆದರೆ ಶನಿವಾರ ಮಧ್ಯಾಹ್ನಗಳಲ್ಲಿ, "ಯೆಲಂಡ್, ಹೊರಗೆ ಗಾಳಿ ಜೋರಾಗಿದೆಯಾ ನೋಡು" ಎನ್ನುತ್ತಿದ್ದರು. ಮೂರನೆಯ ವರ್ಷ ನಾನು ಕೇಳದೆಯೇ ಗಾಡಿ ತರಿಸಿ, ತೋಟದ ಬೇಲಿಯ ಹೊರಗೆ ನಿಲ್ಲಿಸಿ, ಒಳಗೇ ಕುಳಿತು ನೋಡಿದರು. "ಅವಳ ತಂದೆಯೂ ಹೀಗೇ, ಕೂತಲ್ಲಿ ಕೂರ್ತಿರ್ಲಿಲ್ಲ" ಎಂದರು. ಆ ಸಂಜೆ ಹೆಸ್ಟರ್ ನಮ್ಮ ಮನೆಯಲ್ಲಿ ಊಟ ಮಾಡಿದಳು.

ಮುಂದಿನ ಬೇಸಿಗೆಯಲ್ಲಿ, ತೋಟಕ್ಕೆ ಜನರಿಗೆ ಪ್ರವೇಶವಿಲ್ಲದ ಒಂದು ಮಂಗಳವಾರ ಬೆಳಿಗ್ಗೆ, ದಪ್ಪ ಮುಸುಕು ಹಾಕಿಕೊಂಡ ಮುದುಕಿಯೊಬ್ಬರು ಬಂದರು. ಆ ದಿನ ಹೆಸ್ಟರ್‌ಗೆ ಊಟ ತಂದಿದ್ದ ನಾನು ಅಲ್ಲೇ ಇದ್ದೆ. ಮುಸುಕಿನವರು ತಮ್ಮ ಛತ್ರಿಯನ್ನೂ ಕೈಚೀಲವನ್ನೂ ನನ್ನ ಕೈಗಿತ್ತು, ಮಾತಿಲ್ಲದೆ ಬುಟ್ಟಿ ಹತ್ತಿದರು. ಕೂಲ್ ರಾಟೆಯ ಕಡೆ ನೋಡಿದ. "ಕಟ್ಟಿದ ಹಗ್ಗ ಬೇಡ" ಎಂದರು ಮುಸುಕಿನೊಳಗಿಂದ. ಎರಡು ಗಂಟೆಯ ಮೇಲೆ ಬಾಡಿಗೆ ಗಾಡಿಯೊಂದು ಅವರಿಬ್ಬರನ್ನೂ ಎಲ್ಲಿಂದಲೋ ಹಿಂದಕ್ಕೆ ತಂದಿತು. ಮುದುಕಿಯ ಮುಸುಕು ಹರಿದಿತ್ತು, ಟೋಪಿಯಲ್ಲಿ ಒಣಹುಲ್ಲು. ಛತ್ರಿ, ಕೈಚೀಲ ತೆಗೆದುಕೊಂಡು, "ನಿನ್ನ ಹೆಸರೇನಮ್ಮಾ?" ಎಂದು ಕೇಳಿದರು. ಇಷ್ಟು ವರ್ಷಗಳಲ್ಲಿ ಅವರು ಅದನ್ನು ಕೇಳಿರಲಿಲ್ಲ. ಹೇಳಿದೆ. "ಡಾರ್ಕಸ್" ಎಂದು ಒಮ್ಮೆ ತಾವೇ ಅಂದುಕೊಂಡು ಹೊರಟುಹೋದರು.

ಆಸ್ವಿನ್ ಇಸ್ಮೇಯನ್ನು ಮದುವೆಯಾದ. ಪಾರ್ಲಿಮೆಂಟಿನಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ತಾಯಿ ಬರೆದ ಭಾಷಣಗಳನ್ನು ಚೆನ್ನಾಗಿಯೇ ಓದಿದ. ಔತಣಗಳಲ್ಲಿ ಯಾರಾದರೂ ಬಲೂನಿನ ಮಾತೆತ್ತಿದರೆ ಅವನು ಪ್ರತಿ ಸಲವೂ ನಿಜವನ್ನೇ ಹೇಳುತ್ತಿದ್ದನಂತೆ, ಪ್ರತಿ ಸಲವೂ ಜನ ಅವನ ವಿನಯಕ್ಕೆ ತಲೆದೂಗುತ್ತಿದ್ದರಂತೆ. ಹೆಸ್ಟರ್ ಹನ್ನೊಂದು ವರ್ಷ ಹಾರಿದಳು. ಒಮ್ಮೆ ಕಾಲು ಮುರಿದುಕೊಂಡಳು, ಒಮ್ಮೆ ಸಮುದ್ರಕ್ಕೆ ಬಿದ್ದು ಮೀನುಗಾರರ ದೋಣಿಯಲ್ಲಿ ಬಂದಳು. ಮದುವೆಯಾಗಲಿಲ್ಲ; ಕೇಳಿದವರು ಇಬ್ಬರಿದ್ದರು. ಪೆಂಬರ್ ಅಮ್ಮನವರು ತೀರಿಕೊಂಡ ಮೇಲೆ ನನ್ನನ್ನು ಕಡಲತೀರದ ಹೇಸ್ಟಿಂಗ್ಸ್ ಊರಿನ ತನ್ನ ಮನೆಗೆ ಕರೆದುಕೊಂಡಳು. "ಇನ್ನು ನನ್ನ ಹಿಂದೆ ನಡೀಬೇಡ, ಪಕ್ಕದಲ್ಲಿ ನಡಿ" ಎಂದಳು. ಮೊದಮೊದಲು ಹೆಜ್ಜೆ ತಪ್ಪುತ್ತಿತ್ತು.

ಗಂಡಸರಿಲ್ಲದ ಈ ಮನೆಯ ಬಗ್ಗೆಯೂ ನೆರೆಹೊರೆಯವರು ಏನೇನೋ ಮಾತಾಡುತ್ತಾರೆ ಎಂದು ಹಾಲಿನವಳು ಹೇಳಿದಳು. ನಾನು ಒಳಗೆ ಬಂದು ತಿಳಿಸಿದಾಗ ಹೆಸ್ಟರ್ ಮೀನು ಹುರಿಯುತ್ತಿದ್ದಳು. "ಏನಂತೆ?" ಎಂದು ಕೇಳಿದಳು. ಹಾಲಿನವಳು ಹೇಳಿದ್ದನ್ನು ಹೇಳಿದೆ. ಅವಳು ಮೀನನ್ನು ಮಗುಚಿ ಹಾಕಿದಳು. ಆಮೇಲೆ, "ಸ್ವಲ್ಪ ಉಪ್ಪು ಕೊಡು" ಎಂದಳು.